ಎರಡು ಉಣ್ಣೆ, ಒಂದು ಮಂಡಿ

ಕುರಿಯ ಮೈಮೇಲೆ ಬೆಳೆಯುವುದೂ ಉಣ್ಣೆ, ಅದೇ ಕುರಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವೂ ಉಣ್ಣೆ. ಭಾಷೆ ಕಟ್ಟಿದವನಿಗೆ ಆ ದಿನ ಪದಗಳ ಸ್ಟಾಕ್ ಮುಗಿದಿತ್ತೋ, ಇಲ್ಲಾ ಅವನೂ ಟ್ರೇಲರ್‌ನಂಥ ತರಲೆಯೇ ಆಗಿದ್ದನೋ, ದೇವರಿಗೇ ಗೊತ್ತು. ಚಿಕ್ಕಮ್ಮನ ಕಂಬಳಿ ಕಾರ್ಖಾನೆಯಲ್ಲಿ ಎರಡೂ ಧಾರಾಳವಾಗಿ ಸಿಗುತ್ತಿದ್ದವು. ಮೊದಲನೆಯದು ಮೂಟೆಗಟ್ಟಲೆ ಬರುತ್ತಿತ್ತು. ಎರಡನೆಯದು ಆ ಮೂಟೆಯೊಳಗೆ ಟಿಕೆಟ್ ಇಲ್ಲದೆ ಕೂತು ಬರುತ್ತಿತ್ತು.

ಟ್ರೇಲರ್ ಅನ್ನುವುದು ಚಿಕ್ಕಮ್ಮ ಇಟ್ಟ ಹೆಸರು. ಬಾಯಿ ತೆಗೆದರೆ ಸಿನಿಮಾ ಡೈಲಾಗು. ಮೂಟೆ ಎತ್ತೋ ಅಂದರೆ, "ನಾನು ಎತ್ತಿದ್ರೆ ಮೂಟೆ ಅಲ್ಲ, ಮಾರ್ಕೆಟ್ಟೇ ಎದ್ದು ನಿಲ್ಲುತ್ತೆ" ಅನ್ನುತ್ತಿದ್ದ. ಮೂಟೆ ಮಾತ್ರ ಇದ್ದಲ್ಲೇ ಇರುತ್ತಿತ್ತು. "ಬರೀ ಟ್ರೇಲರ್ ಕಣೋ ನೀನು. ಪೂರ್ತಿ ಪಿಕ್ಚರ್ ಇವತ್ತಿನವರೆಗೆ ಒಬ್ರೂ ನೋಡಿಲ್ಲ" ಅಂತ ಚಿಕ್ಕಮ್ಮ ಒಂದು ಸಲ ಉಗಿದಳು, ಹೆಸರು ಅಂಟಿಕೊಂಡಿತು. ಆದರೆ ಗಂಟಲು ಮಾತ್ರ ಸುಳ್ಳಲ್ಲ. ಹೀರೋ, ವಿಲನ್, ಹೀರೋಯಿನ್ನಿನ ಅಳುಬುರುಕ ಅಮ್ಮ, ಮೂವರನ್ನೂ ಒಂದೇ ಉಸಿರಿನಲ್ಲಿ ಇಳಿಸುತ್ತಿದ್ದ. ಪೇಟೆಯ ಡಬ್ಬಿಂಗ್ ಸ್ಟುಡಿಯೋದವನೊಬ್ಬ ಕೇಳಿ, "ವಾಯ್ಸ್ ಚೆನ್ನಾಗಿದೆ ಕಣಯ್ಯಾ, ಒಂದಿನ ಬಂದು ಮೈಕ್ ಮುಂದೆ ನಿಂತ್ಕೋ" ಅಂದಿದ್ದ. ಅವತ್ತಿನಿಂದ ಟ್ರೇಲರ್‌ನ ಕಾಲು ನೆಲದ ಮೇಲೆ ಇರಲಿಲ್ಲ.

ಅವನ ಅಕ್ಕ ಇದಕ್ಕೆ ಪೂರ್ತಿ ಉಲ್ಟಾ. ಮಾತು ಅಂದರೆ ಮೈಗಳ್ಳತನ ಅನ್ನುವ ಜಾತಿಯವಳು. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿದವಳು ಚಿಕ್ಕಮ್ಮ. ಸಾಕಿದ್ದನ್ನು ಊಟದ ಹೊತ್ತಿಗೆ ಸರಿಯಾಗಿ ನೆನಪಿಸುತ್ತಿದ್ದವಳೂ ಚಿಕ್ಕಮ್ಮನೇ. ಆ ಬಾಯಿಯ ಎದುರು ಅಕ್ಕನಿಗೆ ಇದ್ದದ್ದು ಒಂದೇ ರಕ್ಷಣೆ: ಅಗಲ ಮಗ್ಗ. ಗೋಡೆಯಿಂದ ಗೋಡೆಗೆ ಹರಡಿಕೊಂಡ ಹಳೇ ಮರದ ಮಗ್ಗ ಅದು. ಕೆಳಗೆ ಕಾಲಲ್ಲಿ ತುಳಿಯುವ ಎರಡು ಹಲಗೆ, ಒಂದೊಂದೂ ಮಲಗಿದ ಎಮ್ಮೆಯಷ್ಟು ಭಾರ. ಎಡಗಾಲು, ಲಾಳಿ, ಬಲಗಾಲು, ಲಾಳಿ ಅಂತ ಬೆಳಗಿನಿಂದ ಸಂಜೆವರೆಗೆ ತುಳಿಯುವ ತಾಕತ್ತು ಕಾರ್ಖಾನೆಯಲ್ಲಿ ಅವಳೊಬ್ಬಳಿಗೇ ಇತ್ತು. ಆ ಮಗ್ಗಕ್ಕೆ ಕೂತವಳನ್ನು ಚಿಕ್ಕಮ್ಮನೂ ನೋಡಿಕೊಂಡು ಮಾತಾಡಿಸುತ್ತಿದ್ದಳು. ಕೂರಲಾಗದವರಿಗೆ ಹಿತ್ತಲಿನ ತೊಟ್ಟಿ ಕಾದಿರುತ್ತಿತ್ತು. ಹಸಿ ಉಣ್ಣೆಯನ್ನು ಸೋಡಾ ನೀರಿನಲ್ಲಿ ಒದ್ದು ತೊಳೆಯುವ ತೊಟ್ಟಿ. ಅಲ್ಲಿಗೆ ಹೋದವರ ಉಗುರು ಮೊದಲು ಹಳದಿಯಾಗುತ್ತಿತ್ತು, ಆಮೇಲೆ ಉದುರುತ್ತಿತ್ತು.

"ಕಾಲು ನಿಂತ್ರೆ ತೊಟ್ಟಿ" ಅನ್ನುವುದು ಚಿಕ್ಕಮ್ಮನ ಕಾನೂನು. ಅಪೀಲು ಇಲ್ಲ.

ಹೀಗಿರುವಾಗ ಒಂದು ಉಣ್ಣೆ ಮೂಟೆಯಿಂದ ಇಳಿದು ಅಕ್ಕನ ಕಾಲು ಹತ್ತಿ, ಮಂಡಿಯ ಹಿಂದೆ ಮನೆ ಮಾಡಿತು. ಹೊಟ್ಟೆ ತುಂಬ ಕುಡಿದು ಉಬ್ಬಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಕಂಬಳಿಯ ಮುಳ್ಳು ಕೀಳುವ ಚಿಮುಟದಿಂದ ಕಿತ್ತು, ಬಿಸಾಡದೆ, ಏನಾದರೂ ಆದರೆ ಇರಲಿ ಅಂತ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಳು. ಕೆಲವು ದಿನ ಕಳೆದು ಆ ಜಾಗದ ಸುತ್ತ ಕೆಂಪು ಚಕ್ರ ಎದ್ದಿತು. ಬಿಸಿ ಲೋಟ ಇಟ್ಟು ಎತ್ತಿದ ಹಾಗೆ ದುಂಡಗೆ, ದಿನ ಹೋದಂತೆ ಅಗಲ. ಜೊತೆಗೆ ಮೈ ಕಾವು.

ಮಗ್ಗಕ್ಕೆ ಆಗಷ್ಟೇ ಹೊಸ ಹಾಸಿನ ಉದ್ದೆಳೆಗಳನ್ನು ಹೂಡಿಯಾಗಿತ್ತು, ಬಿಟ್ಟೇಳುವಂತಿರಲಿಲ್ಲ. ತಮ್ಮನನ್ನು ಕರೆದು ಪೊಟ್ಟಣ ಕೈಗಿಟ್ಟಳು.

"ಪಕ್ಕದ ಸಂದೀಲಿರೋ ಡಾಕ್ಟ್ರಿಗೆ ಇದನ್ನ ತೋರ್ಸು. ಉಣ್ಣೆ ಕಡಿದಿದೆ, ಸುತ್ತ ಚಕ್ರ ಆಗಿದೆ, ಮೈ ಬಿಸಿ ಇದೆ ಅನ್ನು. ನೆಟ್ಟಗೆ ಹೇಳ್ತೀಯಾ?"

"ಅಕ್ಕಾ, ಈ ಗಂಟಲಿಂದ ಹೊರಟ ಮಾತು..."

"ಡೈಲಾಗ್ ಬೇಡ. ಉಣ್ಣೆ ಅನ್ನು. ಅಷ್ಟು ಸಾಕು."

ಅಷ್ಟು ಸಾಕಾಗಿದ್ದೇ ತಪ್ಪಾಯಿತು. ದಾರಿಯಲ್ಲಿ ಟ್ರೇಲರ್ ಪೊಟ್ಟಣ ಅಲ್ಲಾಡಿಸಿ ನೋಡಿದ. ಹುಳು ಸತ್ತು ಒಣಗಿ ಹರಳುಬೀಜದ ಹಾಗೆ ಗಲಗಲ ಅಂದಿತು. ತಲೆಯಲ್ಲಿ ಬಲ್ಬು ಹತ್ತಿತು. ಹುಳುವನ್ನು ಚರಂಡಿಗೆ ಚಿಮ್ಮಿ, ತನ್ನ ಅಂಗಿಗೆ ಅಂಟಿದ್ದ ಬಿಳಿ ಉಣ್ಣೆಯ ಎಳೆಗಳನ್ನು ಕಿತ್ತು, ಉಂಡೆ ಮಾಡಿ ಪೊಟ್ಟಣದಲ್ಲಿ ಮಲಗಿಸಿದ. ಸೀನು ಪೂರ್ತಿ ಕಣ್ಣ ಮುಂದೆ ಬಂತು: ಡಾಕ್ಟರು ಪೊಟ್ಟಣ ತೆಗೆಯುತ್ತಾರೆ, ಬೆಚ್ಚುತ್ತಾರೆ, ಹೊಟ್ಟೆ ಹಿಡಿದು ನಗುತ್ತಾರೆ, "ಲೇ ಕಳ್ಳ, ಹುಳು ಎಲ್ಲೋ?" ಅಂತಾರೆ, ಇವನು ನಿಜ ಹೇಳುತ್ತಾನೆ. ಚಪ್ಪಾಳೆ.

ಸಂದಿ ಡಾಕ್ಟರ ಮುಂದೆ ಆ ಹೊತ್ತಿಗೆ ಕೆಮ್ಮುವವರ ಸಾಲು ಬಾಗಿಲು ದಾಟಿತ್ತು. ಅವರು ಪೊಟ್ಟಣ ತೆಗೆದರು.

"ಏನಪ್ಪಾ ಇದು?"

"ಕಡಿದ ಉಣ್ಣೆ ಡಾಕ್ಟ್ರೇ. ಆರೋಪಿ ಇವನೇ. ಅಕ್ಕನ ಕಾಲಿಗೆ ಬಾಯಿ ಹಾಕಿದಾನೆ. ಬೇಡಿ ತೊಡಿಸಿ!" ಅಂತ ವಿಲನ್ ಗಂಟಲಿನಲ್ಲಿ ಗುಡುಗಿ, ನಗುವಿಗೆ ಜಾಗ ಬಿಟ್ಟು ನಿಂತ.

ಡಾಕ್ಟರು ನಗಲಿಲ್ಲ. "ಹ್ಞೂ, ಕಾರ್ಖಾನೆಯವ್ರಿಗೆಲ್ಲ ಇದೇ ಗೋಳು. ಉಣ್ಣೆ ಅಲರ್ಜಿ. ಕೆಂಪಗಾಗಿದ್ಯಾ?"

"ಚಕ್ರ ಆಗಿದೆ."

"ಕೆರ್ಕೊಂಡಿರ್ತಾಳೆ. ಈ ಮುಲಾಮು ಹಚ್ಚಲಿ. ಮುಂದಿನವ್ರು ಬನ್ನಿ."

ಟ್ರೇಲರ್ ಬಾಯಿ ತೆಗೆದ. ಮುಚ್ಚಿದ. ಜೋಕು ಬಿಡಿಸಿ ಹೇಳಬೇಕಾಗಿ ಬಂದರೆ ಅದಕ್ಕಿಂತ ದೊಡ್ಡ ಅವಮಾನ ಕಲಾವಿದನಿಗಿಲ್ಲ. ಹೇಳಿದರೆ ಹುಳು ಎಲ್ಲಿ ಅನ್ನುತ್ತಾರೆ, ಚರಂಡಿ ಅನ್ನಬೇಕು, ಸಾಲಿನಲ್ಲಿದ್ದ ಅಷ್ಟು ಜನರ ಎದುರು ಬೈಸಿಕೊಳ್ಳಬೇಕು. ಒಂದು ಕಚ್ಚಿದ ಗಾಯ ತಾನೇ, ಮುಲಾಮಿಗೆ ಹೋಗದೆ ಎಲ್ಲಿಗೆ ಹೋಗುತ್ತೆ ಅಂದುಕೊಂಡು ಟ್ಯೂಬು ಜೇಬಿಗಿಳಿಸಿ ಸಿಳ್ಳೆ ಹಾಕುತ್ತ ಬಂದ.

"ಡಾಕ್ಟ್ರು ಉಣ್ಣೆ ನೋಡಿದ್ರಾ?" ಅಂತ ಅಕ್ಕ ಕೇಳಿದಳು.

"ನೋಡಿದ್ರು. ಕಣ್ಣಾರೆ ನೋಡಿದ್ರು."

"ಏನಂದ್ರು?"

"ಮುಲಾಮು ಹಚ್ಚಲಿ ಅಂದ್ರು. ಹಚ್ಕೋ."

ಅವಳು ನಂಬಿದಳು. ನಂಬದೆ ಇರಲು ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಡಾಕ್ಟರ ಮುಂದೆ ಫ್ಲಾಪಾದ ಜೋಕು ಕಾರ್ಖಾನೆಯಲ್ಲಿ ಸೂಪರ್ ಹಿಟ್ಟಾಯಿತು. ಟೀ ಬಿಡುವಿನಲ್ಲಿ, ಅಗಲ ಮಗ್ಗದ ಗಲಾಟೆಯಲ್ಲಿ ಅಕ್ಕನಿಗೆ ಕೇಳದಷ್ಟು ದೂರ ನಿಂತು, ಟ್ರೇಲರ್ ಡಾಕ್ಟರಾಗಿಯೂ ಆರೋಪಿ ಉಣ್ಣೆಯಾಗಿಯೂ ಡಬಲ್ ಆ್ಯಕ್ಟಿಂಗ್ ಮಾಡಿದ. ನೂಲು ಸುತ್ತುವವರು ನೆಲಕ್ಕೆ ಬಿದ್ದು ನಕ್ಕರು. ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಮಗ್ಗದ ಹತ್ತಿರ ಹಾಯುವಾಗಲೆಲ್ಲ, "ಏನಮ್ಮಾ, ನಿನ್ನ ಕಡಿದ ಉಣ್ಣೆನೇ ನೇಯ್ತಿದೀಯಾ? ಹುಷಾರು, ಮತ್ತೆ ಬಾಯಿ ಹಾಕೀತು" ಅನ್ನತೊಡಗಿದಳು. ಹುಳುವಿನ ವಿಷಯಕ್ಕೆ ಇಷ್ಟೊಂದು ನಗು ಯಾಕೆ ಅಂತ ಅಕ್ಕನಿಗೆ ತಿಳಿಯಲಿಲ್ಲ. ಆದರೂ ನಾಲ್ಕು ಜನ ನಗುವಾಗ ಮುಖ ಗಂಟಿಕ್ಕಿಕೊಳ್ಳುವುದು ಬೇಡ ಅಂತ ಅವಳೂ ಸ್ವಲ್ಪ ನಕ್ಕಳು. ಅದು ನೋಡಿ ಉಳಿದವರು ಇನ್ನೂ ಜೋರಾಗಿ ನಕ್ಕರು.

ಚಕ್ರ ತಾನಾಗಿಯೇ ಮಾಸಿತು. ಜ್ವರವೂ ಇಳಿಯಿತು. ಟ್ರೇಲರ್ ಮುಲಾಮಿನ ಟ್ಯೂಬಿಗೆ ಸಲಾಮು ಹೊಡೆದ.

ಇಂಟರ್ವಲ್ ಆದದ್ದು ತಿಂಗಳುಗಳು ಕಳೆದ ಮೇಲೆ. ಒಂದು ಬೆಳಿಗ್ಗೆ ಅಕ್ಕ ಹಾಸಿಗೆಯಿಂದ ಎದ್ದರೆ ಬಲಮಂಡಿ ಇಲ್ಲ. ಅಂದರೆ ಮಂಡಿ ಇರಬೇಕಾದ ಜಾಗದಲ್ಲಿ ಎಳನೀರು ಬುರುಡೆಯಂಥದ್ದೊಂದು ಕೂತಿದೆ. ಬಿಗಿ, ಬಿಸಿ, ಮಡಚಲು ಬಾರದು. ಹೇಗೋ ಮಗ್ಗದವರೆಗೆ ಎಳೆದುಕೊಂಡು ಹೋಗಿ ಹಲಗೆ ತುಳಿದಳು. ಹಲಗೆ ಅರ್ಧ ಇಳಿಯಿತು, ಅವಳು ಪೂರ್ತಿ ಇಳಿದಳು. ಹಾಸಿನ ಮೇಲೆಯೇ ಬಿದ್ದಳು.

ಚಿಕ್ಕಮ್ಮ ಬಂದು ಮಂಡಿ ನೋಡಿದಳು. ಎತ್ತಿ ಕೂರಿಸಲಿಲ್ಲ. "ಎಳೆ ಹರೀತೋ ಏನೋ ನೋಡ್ರೇ ಮೊದ್ಲು" ಅಂತ ಉಳಿದವರಿಗೆ ಹೇಳಿ, ಆಮೇಲೆ ಅಕ್ಕನ ಕಡೆ ತಿರುಗಿದಳು. "ಸಾಕಿದ್ದಕ್ಕೆ ಇದೊಂದು ಬಾಕಿ ಇತ್ತು ನೋಡು. ಕೈಯಲ್ಲಿರೋ ಆರ್ಡರ್ ಮುಗಿಯೋವರೆಗೆ ಸುಮ್ನಿರ್ತೀನಿ. ಅಷ್ಟರಲ್ಲಿ ಕಾಲು ಬಂತೋ ಸರಿ, ಇಲ್ವೋ ನೀನು ತೊಟ್ಟಿಗೆ. ಮಗ್ಗ ಯಾರ ಅಪ್ಪನ ಮನೆದೂ ಅಲ್ಲ."

ದೊಡ್ಡಾಸ್ಪತ್ರೆಗೆ ಅಕ್ಕನನ್ನು ಕರೆದುಕೊಂಡು ಹೋದವನು ಟ್ರೇಲರೇ. ಕೀಲು ನೋಡುವ ಡಾಕ್ಟರಮ್ಮ ವಯಸ್ಸಾದವಳು, ಕನ್ನಡಕದ ಮೇಲಿಂದ ನೋಡಿದರೆ ಎದುರಿನವರ ಜೇಬಿನಲ್ಲಿ ಏನಿದೆ ಅನ್ನುವುದೂ ಕಾಣಬೇಕು, ಅಂಥ ನೋಟ. ಮಂಡಿಗೆ ಸೂಜಿ ಚುಚ್ಚಿ ಸಿರಿಂಜು ತುಂಬ ಮಬ್ಬು ಹಳದಿ ನೀರು ಎಳೆದಳು. ಅಕ್ಕ ಮೇಜಿನ ಅಂಚು ಹಿಡಿದಳು. ಡಾಕ್ಟರಮ್ಮ ಸಿರಿಂಜನ್ನು ಬೆಳಕಿಗೆ ಹಿಡಿದು, "ಯಾವತ್ತಾದ್ರೂ ಹುಳು ಕಚ್ಚಿತ್ತಾ? ಸುತ್ತ ಕೆಂಪು ಚಕ್ರ?" ಅಂದಳು.

"ಹೌದು. ಉಣ್ಣೆ ಕಡಿದಿತ್ತು. ಆಗಲೇ ಡಾಕ್ಟ್ರಿಗೆ ತೋರ್ಸಿ ಔಷಧಿ ಹಚ್ಚಿದೆ" ಅಂತ ಅಕ್ಕ ಚೀಲದಿಂದ ಸುರುಟಿದ ಟ್ಯೂಬು ತೆಗೆದುಕೊಟ್ಟಳು. ಯಾವುದನ್ನೂ ಬಿಸಾಡದ ಹೆಂಗಸು.

ಟ್ರೇಲರ್‌ಗೆ ಆ ಕ್ಷಣ ಗೋಡೆಯ ಮೇಲಿನ ಮೂಳೆಯ ಚಿತ್ರದಲ್ಲಿ ಬಹಳ ಆಸಕ್ತಿ ಹುಟ್ಟಿತು.

"ಇದು ಉಣ್ಣೆಗೆ ಕೊಡೋದು" ಅಂದಳು ಡಾಕ್ಟರಮ್ಮ.

"ಹೌದು, ಉಣ್ಣೆಗೇ."

"ಉಣ್ಣೆಗೆ ಅಂದ್ರೆ ಇದಕ್ಕಮ್ಮಾ." ಡಾಕ್ಟರಮ್ಮ ಅಕ್ಕನ ಸ್ವೆಟರಿನ ತೋಳು ಹಿಡಿದು ಎಳೆದಳು. "ಮೈಗೆ ಆಗದೆ ನವೆ ಬಂದ್ರೆ ಹಚ್ಚೋದು. ಹುಳುಗೆ ಅಲ್ಲ. ಆ ಡಾಕ್ಟ್ರು ಹುಳು ನೋಡಿದ್ರಾ?"

"ನೋಡಿದಾರೆ. ಪೊಟ್ಟಣದಲ್ಲಿ ಹಾಕಿ ಕಳಿಸಿದ್ದೆ. ಇವನ ಕೈಲಿ..."

ಅಕ್ಕ ಅಲ್ಲಿಗೆ ನಿಂತಳು. ಕಾರ್ಖಾನೆಯ ಅಷ್ಟೂ ನಗು ಅವಳ ಕಿವಿಗೆ ಒಂದೇ ಸಲ, ಇಷ್ಟು ತಿಂಗಳು ತಡವಾಗಿ, ಈಗ ಕೇಳಿಸಿರಬೇಕು. ಅವಳ ಕತ್ತು ನಿಧಾನವಾಗಿ ತಮ್ಮನ ಕಡೆ ತಿರುಗಿತು.

"ಪೊಟ್ಟಣದಲ್ಲಿ ಏನಿತ್ತೋ?"

"ಅಕ್ಕಾ, ಅದೂ... ಒಂದು ಚಿಕ್ಕ ಕಾಮಿಡಿ ಟ್ರ್ಯಾಕು..."

"ಏನಿತ್ತು?"

"ಉಣ್ಣೆ" ಅಂದ ಟ್ರೇಲರ್. ಹೆಬ್ಬೆರಳು ತೋರುಬೆರಳು ಸೇರಿಸಿ ಎಳೆ ಹೊಸೆದು ತೋರಿಸಿದ.

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದ ಮೇಲೆ ಅವಳು ಬೈಯಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು: ವಿವರಿಸಿದಳು. "ಇದಕ್ಕೆ ಲೈಮ್ ಕಾಯಿಲೆ ಅಂತಾರೆ."

"ಲೈಮ್ ಅಂದ್ರೆ ನಿಂಬೆಹಣ್ಣಾ?" ಬಾಯಿಗೆ ಅಭ್ಯಾಸ, ತಡೆಯುವಷ್ಟರಲ್ಲಿ ಹೊರಬಿದ್ದಿತ್ತು. ಯಾರೂ ನಗಲಿಲ್ಲ.

"ಹುಳು ಕಚ್ಚಿದಾಗ ಸ್ಪ್ರಿಂಗ್ ಥರ ಸುರುಳಿ ಇರೋ ಒಂದು ಕೀಟಾಣು ಒಳಗೆ ಹೋಗುತ್ತೆ. ಚಕ್ರ ಎದ್ದಾಗಲೇ ಗುಳಿಗೆ ಕೊಟ್ಟಿದ್ರೆ ಹೆಚ್ಚುಕಮ್ಮಿ ಅಲ್ಲಿಗೇ ಮುಗೀತಿತ್ತು. ಈಗ ಅದು ಮಂಡಿ ಸೇರಿದೆ." ಅಕ್ಕನ ಭುಜದ ಮೇಲೆ ಕೈಯಿಟ್ಟು, ಟ್ರೇಲರ್ ಮುಖ ನೋಡಿ ಹೇಳಿದಳು: "ಮಾತ್ರೆ ಬರೀತೀನಿ. ಈ ಸಲ ನೀವೇ ಕೈಯಾರೆ ತಗೊಳ್ಳಿ."

ಬಸ್ಸಿನಲ್ಲಿ ಟ್ರೇಲರ್ ಹೀರೋ ಗಂಟಲಿನಲ್ಲಿ ಕ್ಷಮೆ ಕೇಳಿದ, ಅಮ್ಮನ ಗಂಟಲಿನಲ್ಲಿ ಅತ್ತ, ಕೊನೆಗೆ ತನ್ನದೇ ಗಂಟಲಿನಲ್ಲಿ "ಬೈಯೇ, ಎರಡೇಟು ಹೊಡಿಯೇ" ಅಂದ. ಅಕ್ಕ ಕಿಟಕಿಯಿಂದ ಕಣ್ಣು ಕೀಳಲಿಲ್ಲ.

ಮಾತ್ರೆ ಮುಗಿಯಿತು, ಮಂಡಿ ಇಳಿಯಲಿಲ್ಲ. ಇನ್ನೊಂದು ಸುತ್ತು, ಈ ಸಲ ನರಕ್ಕೆ ಸೂಜಿ ಹಾಕಿ ಹನಿ ಹನಿ ಇಳಿಸುವ ಔಷಧಿ. ಮತ್ತೆ ನೀರು ತೆಗೆದು ಪರೀಕ್ಷೆ. ಡಾಕ್ಟರಮ್ಮ ರಿಪೋರ್ಟು ನೋಡಿ, "ಕೀಟಾಣು ಸಿಗ್ತಿಲ್ಲ. ಸತ್ತಿದೆ" ಅಂದಳು.

"ಮತ್ತೆ ಮಂಡಿ?" ಅಂದ ಟ್ರೇಲರ್.

"ಈಗ ಮಂಡಿ ತಿಂತಿರೋದು ಕೀಟಾಣು ಅಲ್ಲ, ಇವಳ ಸ್ವಂತ ಬಿಳಿ ರಕ್ತಕಣಗಳು. ಅವತ್ತು ಸಿರಿಂಜಲ್ಲಿ ಮಬ್ಬಗೆ ಇತ್ತಲ್ಲ, ಅಷ್ಟೂ ಅವೇ." ಡಾಕ್ಟರಮ್ಮನಿಗೆ ಹೇಳುವ ಉಮೇದು ಬಂತು. ಟ್ರೇಲರ್ ಕಡೆ ಕುರ್ಚಿ ತಿರುಗಿಸಿದಳು. "ಮೊದಲು ಓಡಿ ಬರೋದು ಕಾಲಾಳುಗಳು. ಹಿಂದೆಮುಂದೆ ನೋಡಲ್ಲ, ಕಂಡಿದ್ದರ ಮೇಲೆಲ್ಲ ಆ್ಯಸಿಡ್ ಥರದ್ದು ಎರಚಿ ತಾವೂ ಸಾಯ್ತವೆ. ಹಿಂದಿಂದ ದೊಡ್ಡ ಬಾಯಿನವು ಬರ್ತವೆ, ಸತ್ತವ್ರನ್ನೂ ಇದ್ದವ್ರನ್ನೂ ನುಂಗ್ತವೆ, ನುಂಗಿದ್ದನ್ನ ತಂದು ಮೂರನೇಯವ್ರಿಗೆ ತೋರಿಸ್ತವೆ. ಈ ಮೂರನೇಯವ್ರು ಇದಾರಲ್ಲ, ಅವ್ರಿಗೆ ಟಿ ಕಣ ಅಂತಾರೆ. ಅವ್ರೇ ಕಮಾಂಡರ್‌ಗಳು. ಒಂದು ಸಲ ಮುಖ ನೋಡಿದ್ರೆ ಮರೆಯೋದಿಲ್ಲ. ಹೊಡೀರಿ, ಹೊಡೀರಿ ಅಂತ ಕೂಗ್ತಾನೇ ಇರ್ತಾರೆ."

"ಶತ್ರು ಸತ್ತ ಮೇಲೂ?"

"ಶತ್ರು ಸತ್ತ. ಅವನ ಅಂಗಿ ಕೀಲಲ್ಲೇ ಉಳೀತು. ಕೀಟಾಣುವಿನ ಹೊರಗಿನ ಸಿಪ್ಪೆ ಬೇಗ ಕರಗಲ್ಲ. ಆ ಅಂಗಿ ಕಂಡಾಗಲೆಲ್ಲ ಇವ್ರಿಗೆ ಮತ್ತೆ ರಕ್ತ ಕುದಿಯುತ್ತೆ. ಕೆಲವ್ರ ಮೈ ಹೀಗೇ. ಮಂಡಿ ಒಳಗಿನ ಪೊರೆ ಊದುತ್ತೆ, ಮೃದು ಎಲುಬು ಸವೆಯುತ್ತೆ, ಇವ್ರು ಮಾತ್ರ ನಿಲ್ಸಲ್ಲ."

"ಅಂದ್ರೆ ಫೈಟಿಂಗ್ ಮುಗಿದಿದೆ, ಯಾರೂ ಪ್ಯಾಕಪ್ ಹೇಳಿಲ್ಲ" ಅಂದ ಟ್ರೇಲರ್.

ಡಾಕ್ಟರಮ್ಮ ಮೊದಲ ಸಲ ನಕ್ಕಳು. "ಅದೇ. ಆ ಪ್ಯಾಕಪ್ ಹೇಳೋದಕ್ಕೆ ಈಗ ಬೇರೆ ಔಷಧಿ ಕೊಡ್ತೀನಿ. ಸೈನ್ಯನ ಮಂಕು ಮಾಡೋದು. ತಿಂಗಳುಗಟ್ಲೆ ಆಗಬಹುದು. ಇಳಿಯುತ್ತೆ."

ಔಷಧಿ ಚೀಟಿಯನ್ನು ಅಕ್ಕ ತಾನೇ ಇಸಕೊಂಡಳು. ಹೊರಗೆ ಬಂದ ಮೇಲೆ ಬಾಗಿಲಲ್ಲಿ ನಿಂತು, "ಇನ್ಮೇಲೆ ನೀನು ಒಳಗೆ ಬರೋದು ಬೇಡ. ಹೊರಗಿರು. ನನಗೆ ಡಬ್ಬಿಂಗ್ ಬೇಡ" ಅಂದಳು. ಎಷ್ಟೋ ದಿನದ ಮೇಲೆ ಅವಳು ಅವನ ಜೊತೆ ಆಡಿದ ಮೊದಲ ಮಾತು.

ಆರ್ಡರ್ ಮುಗಿದ ದಿನ ಚಿಕ್ಕಮ್ಮ ತೊಟ್ಟಿಯ ಬಾಗಿಲು ತೆಗೆದಿಟ್ಟು ಕಾದಳು. ಅಕ್ಕ ಕೋಲೂರಿಕೊಂಡು ಬಂದು ನೇರ ಮಗ್ಗಕ್ಕೆ ಹೋಗಿ ಕೂತಳು. ಊದಿದ ಕಾಲನ್ನು ಸ್ಟೂಲಿನ ಮೇಲೆ ನೀಡಿ, ಕಂಬಳಿ ತುಂಡು ಮುಚ್ಚಿದಳು.

"ಕಾಲಿಲ್ದೆ ಹೇಗೆ ನೇಯ್ತೀಯಮ್ಮಾ, ಮಂತ್ರ ಹಾಕ್ತೀಯಾ?" ಅಂದಳು ಚಿಕ್ಕಮ್ಮ.

"ಕಾಲು ತಂದಿದೀನಿ." ಅಕ್ಕ ಟ್ರೇಲರ್ ಕಡೆ ಕೈ ತೋರಿಸಿದಳು. "ಬಾರೋ. ಒಳಗೆ ಹೋಗು."

"ಒಳಗೆ ಅಂದ್ರೆ?"

"ಮಗ್ಗದ ಕೆಳಗೆ. ಎಡ ಅಂದ್ರೆ ಎಡ ಹಲಗೆ ಒತ್ತು, ಬಲ ಅಂದ್ರೆ ಬಲ. ಇಷ್ಟು ದಿನ ನನ್ನ ಕಾಲೆಳೆದೆ. ಈಗ ನೀನೇ ಕಾಲಾಗು."

ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಚಿಕ್ಕಮ್ಮ ಒಂದು ಕ್ಷಣ ಯೋಚಿಸಿ, "ಕಂಬಳಿ ಇಳಿದ್ರೆ ಆಯ್ತು, ಕಾಲು ಯಾರದಾದ್ರೇನು" ಅಂದಳು. ಅಕ್ಕನ ಮಗ್ಗ ಉಳಿಯಿತು.

ಟ್ರೇಲರ್ ತೆವಳಿ ಹೋದ. ಅಲ್ಲಿ ಕೂರಲೂ ಆಗದು, ಮಲಗಲೂ ಆಗದು. ಕತ್ತು ಬಗ್ಗಿಸಿ, ಮಂಡಿಯೂರಿ, ಎರಡೂ ಅಂಗೈಯಿಂದ ಮೈಭಾರ ಹಾಕಿ ಹಲಗೆ ಅದುಮಬೇಕು. ಮೇಲಿಂದ ಲಾಳಿ ಓಡಿದಾಗಲೆಲ್ಲ ಉಣ್ಣೆಯ ಧೂಳು ಹಿಟ್ಟಿನ ಹಾಗೆ ಉದುರುತ್ತಿತ್ತು. ಕಣ್ಣಿಗೆ, ಮೂಗಿಗೆ, ತೆರೆದರೆ ಬಾಯಿಗೆ. "ಎಡ." "ಬಲ." "ಎಡ." ತಪ್ಪಿದರೆ ಅಕ್ಕ ಲಾಳಿಯ ಚೂಪು ತುದಿಯಿಂದ ಅವನ ಬೆರಳ ಗಂಟಿಗೆ ಕುಟ್ಟುತ್ತಿದ್ದಳು. ಸಿಟ್ಟಿನಿಂದಲ್ಲ, ಗೋಡೆಗೆ ಮೊಳೆ ಹೊಡೆಯುವಷ್ಟೇ ಸಮಾಧಾನದಿಂದ. ಮೊದಮೊದಲು ಅವನು ಕೆಳಗಿಂದಲೇ ಡೈಲಾಗು ಬಿಟ್ಟ: "ಈ ಪಾತಾಳದಿಂದ ನಾನು ಎದ್ದು ಬರೋ ದಿನ..." ಧೂಳು ಗಂಟಲಿಗಿಳಿದು ವಾಕ್ಯ ಕೆಮ್ಮಿನಲ್ಲಿ ಮುಗಿಯುತ್ತಿತ್ತು. ನೂಲು ಸುತ್ತುವವರಿಗೆ ಆ ಕೆಮ್ಮು ಡೈಲಾಗಿಗಿಂತ ಹೆಚ್ಚು ನಗು ತರುತ್ತಿತ್ತು.

ಆದರೂ ಟ್ರೇಲರ್ ಸಹಿಸಿದ. ತಪ್ಪು ತನ್ನದು, ಒಪ್ಪಿದ್ದ. ಡಾಕ್ಟರಮ್ಮ ಇಳಿಯುತ್ತೆ ಅಂದಿದ್ದಾಳೆ. ಮಂಡಿ ಇಳಿದ ದಿನ ತಾನು ಹೊರಗೆ, ಮೈಕಿನ ಮುಂದೆ. ಸ್ಟುಡಿಯೋದವನು ಫೋನು ಮಾಡಿದಾಗಲೂ ಅದನ್ನೇ ಹೇಳಿದ: "ಅಕ್ಕನ ಕಾಲು ಸರಿ ಹೋಗ್ಲಿ ಸಾರ್, ಓಡಿ ಬರ್ತೀನಿ." ಇನ್ನೊಮ್ಮೆ ಮಾಡಿದಾಗಲೂ ಅದನ್ನೇ ಹೇಳಿದ. ಆಮೇಲೊಮ್ಮೆ ಇವನೇ ಮಾಡಿದ. ಆ ಕಡೆಯವನು, "ಯಾರು? ಯಾರಜ್ಜ ನೀವು?" ಅಂದ. ಟ್ರೇಲರ್ ಗಂಟಲು ಸರಿಮಾಡಿಕೊಂಡು ಹೆಸರು ಹೇಳುವಷ್ಟರಲ್ಲಿ, "ರಾಂಗ್ ನಂಬರ್ ಯಜಮಾನ್ರೇ" ಅಂತ ಇಟ್ಟುಬಿಟ್ಟ.

ಆಸ್ಪತ್ರೆಗೆ ಹೋದಾಗಲೆಲ್ಲ ಅವನು ಹೊರಗಿನ ಬೆಂಚಿನ ಮೇಲೆ, ಅಕ್ಕ ಒಳಗೆ. ಹೊರಬಂದ ಕೂಡಲೇ ಓಡಿ ಹೋಗಿ ಕೇಳುತ್ತಿದ್ದ.

"ಡಾಕ್ಟ್ರಮ್ಮ ಮಂಡಿ ನೋಡಿದ್ರಾ?"

"ನೋಡಿದ್ರು. ಕಣ್ಣಾರೆ ನೋಡಿದ್ರು."

"ಏನಂದ್ರು?"

"ಔಷಧಿ ನಿಧಾನ ಅಂತೆ. ನಡಿ."

ಅವನೂ ನಂಬಿದ. ಕೋಲು, ಕುಂಟು, ಸ್ಟೂಲು, ಮೇಲೆ ಮುಚ್ಚಿದ ಕಂಬಳಿ ತುಂಡು, ಎಲ್ಲ ಹಾಗೇ ಇದ್ದವು. ಚಳಿ ಹೋಯಿತು, ಸೆಖೆ ಬಂತು. ಸೆಖೆಯಲ್ಲಿ ಮಗ್ಗದ ಕೆಳಗಿನ ಧೂಳು ಬೆವರಿಗೆ ಅಂಟಿ ಅವನು ಎರಡು ಕಾಲಿನ ಕುರಿಯ ಹಾಗೆ ಕಾಣುತ್ತಿದ್ದ. "ತೊಟ್ಟಿಗೆ ಹಾಕಿ ತೊಳೀಲೇನೋ?" ಅಂತ ಚಿಕ್ಕಮ್ಮ ಕೇಳುತ್ತಿದ್ದಳು.

ತರಲೆಯ ರಕ್ತ ಅಷ್ಟು ಸುಲಭಕ್ಕೆ ಆರುವುದಿಲ್ಲ. ಒಂದು ಮಧ್ಯಾಹ್ನ ಹಿತ್ತಲಿನ ಹರಳುಗಿಡದ ಬುಡದಲ್ಲಿ ಕೈಕಾಲು ಚಾಚಿಕೊಂಡಿದ್ದವನಿಗೆ ಉದುರಿದ ಬೀಜವೊಂದು ಸಿಕ್ಕಿತು. ನುಣ್ಣಗೆ, ಉಬ್ಬಿದ ಹೊಟ್ಟೆ, ಮೈತುಂಬ ಚುಕ್ಕೆ, ಒಂದು ತುದಿಯಲ್ಲಿ ಪುಟ್ಟ ಮೂತಿ. ಥೇಟು ರಕ್ತ ಕುಡಿದ ಉಣ್ಣೆ. ಎಷ್ಟೋ ಕಾಲದ ಮೇಲೆ ತಲೆಯಲ್ಲಿ ಆ ಹಳೇ ಬಲ್ಬು ಹತ್ತಿತು. ಕೆಟ್ಟದ್ದೇನಿಲ್ಲ, ಅಕ್ಕ ಒಂದು ಸಲ ಕಿರುಚಲಿ, ಆಮೇಲೆ ನಗಲಿ. ನಕ್ಕರೆ ಸಾಕು, ಅಷ್ಟಕ್ಕೇ ಎಲ್ಲ ಮಾಫಿ ಆದಂತೆ ಅಂತ ಒಂದು ಆಸೆಯೂ ಇತ್ತು. ಬೀಜವನ್ನು ಬಾಯೊಳಗೆ ಮರೆಯಿಟ್ಟುಕೊಂಡು ಮಗ್ಗದ ಕೆಳಗೆ ತೆವಳಿದ. "ಬಲ" ಅಂದಳು. ಒತ್ತಿದ. ಇನ್ನೊಂದು ಕೈಯಿಂದ ಸ್ಟೂಲಿನ ಕಡೆ ಚಾಚಿ, ಕಂಬಳಿ ಸರಿಸಿ, ಬೀಜವನ್ನು ಅವಳ ಪಾದದ ಮೇಲೆ ಎಂಜಲಲ್ಲೇ ಅಂಟಿಸಿದ. ಮೆತ್ತಗೆ ಒಮ್ಮೆ ಚಿವುಟಿದ.

ಅಕ್ಕ ಬಗ್ಗಿ ನೋಡಿದಳು.

ಕಿರುಚಲಿಲ್ಲ. ಎಗರಿದಳು. ಬಲಗಾಲು ಸ್ಟೂಲಿನಿಂದ ಹಾರಿ, ಮಡಚಿ, ನೆಲ ಒದ್ದು, ಇಡೀ ಮೈಯನ್ನು ಎತ್ತಿ ಮಗ್ಗದ ಮಣೆಯ ಮೇಲೆ ನಿಲ್ಲಿಸಿತು. ಇನ್ನೊಮ್ಮೆ ಕುಪ್ಪಳಿಸಿ ಪಾದ ಝಾಡಿಸಿದಳು. ಬೀಜ ಟಕಟಕ ಅಂತ ನೆಲದ ಮೇಲೆ ಉರುಳಿ ಚಿಕ್ಕಮ್ಮನ ಕಾಲ ಬಳಿ ನಿಂತಿತು. ನೂಲು ಸುತ್ತುವ ಚಕ್ರಗಳೆಲ್ಲ ನಿಂತವು.

ಕೆಳಗಿಂದ ಟ್ರೇಲರ್ ತಲೆ ಹೊರಹಾಕಿದ. ಅವನ ಮೂಗಿನ ಮಟ್ಟಕ್ಕೆ ಸರಿಯಾಗಿ ಅಕ್ಕನ ಬಲಮಂಡಿ ಇತ್ತು. ಊತವಿಲ್ಲ, ಕೆಂಪಿಲ್ಲ. ಚಿಪ್ಪು ಗುಂಡಿಯಂತೆ ಅಚ್ಚುಕಟ್ಟಾಗಿ ಕೂತಿದೆ.

"ಅಕ್ಕಾ! ಮಂಡಿ!" ಅವನ ಮುಖ ನಿಜವಾಗಿಯೂ ಅರಳಿತ್ತು. "ವಾಸಿ ಆಗ್ಹೋಗಿದೆ ಕಣೇ! ನೋಡೇ!"

ಅಕ್ಕ ಅವಸರವಿಲ್ಲದೆ ಕೆಳಗಿಳಿದಳು. ಕೂತಳು. ಕಾಲನ್ನು ಮತ್ತೆ ಸ್ಟೂಲಿನ ಮೇಲೆ ನೀಡಿ, ಜಾರಿದ ಕಂಬಳಿ ತುಂಡನ್ನು ಎತ್ತಿ ಮುಚ್ಚಿದಳು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಚಳಿ ಇರೋವಾಗ್ಲೇ."

ಟ್ರೇಲರ್‌ನ ಮುಖದಲ್ಲಿ ಅರಳಿದ್ದು ಹಾಗೇ ನಿಂತುಬಿಟ್ಟಿತು, ಬಾಡಲು ಮರೆತ ಹಾಗೆ. ಅವನು ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ಬೀಜ ಎತ್ತಿ ನೋಡುತ್ತಿದ್ದಳು. ನೂಲು ಸುತ್ತುವವರ ಕಡೆ ನೋಡಿದ. ಅವರಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಅವಳ ಭುಜ ಕುಲುಕುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ. ಟೀ ಬಿಡುವಿನಲ್ಲಿ ಅವನು ಹಿತ್ತಲಿನಲ್ಲಿ ಕೆಮ್ಮುತ್ತಿದ್ದಾಗ ಅಕ್ಕ ಅವರ ಮುಂದೆ ಕೋಲಿಲ್ಲದೆ ನಡೆದು ತೋರಿಸಿದ್ದಳು.

"ಮತ್ತೆ ನನ್ನನ್ನ ಯಾಕೆ... ಇಷ್ಟು ದಿನ..."

"ನೀನೇ ಹೇಳಿದ್ಯಲ್ಲೋ ಅವತ್ತು. ಫೈಟಿಂಗ್ ಮುಗಿದಿದೆ" ಅಂದಳು ಅಕ್ಕ. ಲಾಳಿ ಕೈಗೆತ್ತಿಕೊಂಡು ತುದಿಗೆ ಅಂಟಿದ್ದ ಎಳೆ ತೆಗೆದಳು. "ಯಾರೂ ಪ್ಯಾಕಪ್ ಹೇಳಿಲ್ಲ."

ಟ್ರೇಲರ್ ಎದ್ದು ನಿಂತ. ಬೀದಿ ಬಾಗಿಲು ತೆರೆದೇ ಇತ್ತು, ಯಾರೂ ಅಡ್ಡ ನಿಂತಿರಲಿಲ್ಲ. ಇಷ್ಟು ದಿನ ಕಾದಿಟ್ಟ ಒಂದು ಡೈಲಾಗು ಎದೆಯೊಳಗೆ ಇತ್ತು. ಹೊರಡುವ ದಿನ ಬಾಗಿಲಲ್ಲಿ ತಿರುಗಿ ನಿಂತು ಹೇಳಬೇಕಾದದ್ದು, ಹೀರೋ ಗಂಟಲಿನಲ್ಲಿ, ಕಟ್ಟಡ ಅದುರುವ ಹಾಗೆ. ಬಾಗಿಲವರೆಗೆ ಹೋದ. ತಿರುಗಿದ. ಎದೆಯುಬ್ಬಿಸಿ ಬಾಯಿ ತೆಗೆದ.

ಬಂದದ್ದು ಗಾಳಿ. ಹರಿದ ಚೀಲದೊಳಗೆ ಊದಿದಂಥ, ಮುದಿ, ಬೊಗಸೆ ಉಣ್ಣೆ ತುಂಬಿಕೊಂಡ ಗಾಳಿ. ಇನ್ನೊಮ್ಮೆ ಎತ್ತಿದ. ವಿಲನ್ ಬರಲಿಲ್ಲ, ಅಮ್ಮ ಬರಲಿಲ್ಲ. ಕೆಮ್ಮು ಬಂತು, ಜೊತೆಗೆ ಒಂದು ಬಿಳಿ ಎಳೆ ತುಟಿಯ ಮೇಲೆ ಬಂದು ಕೂತಿತು.

ಕಾರ್ಖಾನೆ ಕಾದು ನೋಡಿತು. ಆಮೇಲೆ ಚಿಕ್ಕಮ್ಮ ಶುರು ಮಾಡಿದಳು, ಉಳಿದವರು ಸೇರಿಕೊಂಡರು. ಇಷ್ಟು ಜೋರಾದ ನಗು ಅವನ ಯಾವ ಜೋಕಿಗೂ ಬಿದ್ದಿರಲಿಲ್ಲ.

ಅಕ್ಕ ನಗಲಿಲ್ಲ. ಹಾಸಿನ ಮೇಲೆ ಕಣ್ಣಿಟ್ಟು ಕಾದಳು. ನಗು ಇಳಿಯಿತು, ಚಕ್ರಗಳು ಒಂದೊಂದಾಗಿ ತಿರುಗತೊಡಗಿದವು. ಬಾಗಿಲಲ್ಲಿದ್ದ ನೆರಳು ಅಲ್ಲೇ ಸ್ವಲ್ಪ ಹೊತ್ತು ಹೊಯ್ದಾಡಿ ಒಳಗೆ ಸರಿಯಿತು. ಮಗ್ಗದ ಕೆಳಗೆ ಯಾರೋ ತೆವಳಿದ ಸದ್ದು. ಹಲಗೆಗಳ ಮೇಲೆ ಅಂಗೈ ಊರಿದ ಸದ್ದು.

"ಎಡ" ಅಂದಳು.